ಟ್ರ್ಯಾಕಿನಿಂದ ಬಂದ ಟೈರಿನ ದೋಷ ಪತ್ತೆ: ಹೊಸ ಸೆಟ್ ಕೊಳ್ಳುವ ಮುಂಚೆ ಹಳೆಯದನ್ನು ಓದಿ

ಟ್ರ್ಯಾಕ್ ಡೇ (ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಮುಗಿಸಿ ಬಂದವರ ದೂರು ಹೆಚ್ಚುಕಮ್ಮಿ ಒಂದೇ: ‘ಈ ಟೈರ್ ಕೆಲಸಕ್ಕೆ ಬರಲ್ಲ, ಬೇರೆ ಹಾಕಿಸಬೇಕು.’ ಹತ್ತರಲ್ಲಿ ಆರೇಳು ಸಲ ತಪ್ಪು ಟೈರಿನದ್ದಲ್ಲ. ಗಾಳಿಯದ್ದೋ ಅಲೈನ್‌ಮೆಂಟಿನದ್ದೋ ಆಗಿರುತ್ತದೆ. ಅದನ್ನು ಹಾಗೇ ಬಿಟ್ಟು ಎರಡು ಪಟ್ಟು ದುಡ್ಡು ಕೊಟ್ಟು ಹೊಸ ಸೆಟ್ ಹಾಕಿಸಿದರೆ ಅದೂ ಅದೇ ಜಾಗದಲ್ಲಿ ಸವೆಯುತ್ತದೆ, ಇನ್ನೂ ಬೇಗ. ಬಿಚ್ಚಿದ ಟೈರಿನ ಮೇಲೆ ಎಲ್ಲವೂ ಬರೆದಿರುತ್ತದೆ, ಓದಿಕೊಂಡು ಅಂಗಡಿಗೆ ಹೋಗಿ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಮುಂದಿನ ಚಕ್ರ ಎಳೆಯುವ, 1300 ರಿಂದ 1450 ಕೆಜಿ ತೂಗುವ ಟರ್ಬೊ ಗಾಡಿ, ಟೈರ್ 225/45 ಆರ್17 (225 ಮಿಮೀ ಅಗಲ, ಪಕ್ಕದ ಎತ್ತರ ಅದರ ಶೇ. 45, 17 ಇಂಚಿನ ರಿಮ್). ವಾರವಿಡೀ ಬೆಂಗಳೂರಿನಲ್ಲಿ ಆಫೀಸು. ವರ್ಷಕ್ಕೆ ಕೆಲವು ಸಲ ಸುಮಾರು 300 ಕಿಮೀ ಓಡಿಸಿಕೊಂಡು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ. ಹೋಗಿ ಬರುವುದೆಲ್ಲ ಅದೇ ಟೈರಿನ ಮೇಲೆ. ಹಿಂದಿನ ಚಕ್ರ ಎಳೆಯುವ ಗಾಡಿಗೆ ಎಲ್ಲಿ ಲೆಕ್ಕ ಬದಲಾಗುತ್ತದೋ ಅಲ್ಲಿ ಹೇಳಿದೆ.

ಕೈಯಲ್ಲಿ ಇರಬೇಕಾದ್ದು

ಅರ್ಧ ಪಿಎಸ್‌ಐ ಓದುವ ನಿಮ್ಮದೇ ಗೇಜ್ (ಒಂದು ಬಂಕಿನ ಮೀಟರಿಗೂ ಇನ್ನೊಂದರದ್ದಕ್ಕೂ ಎರಡು ಮೂರು ಪಿಎಸ್‌ಐ ವ್ಯತ್ಯಾಸ ಬರುವುದು ಮಾಮೂಲು), ಟ್ರೆಡ್‌ನ (ನೆಲ ಮುಟ್ಟುವ ಭಾಗದ ಗೀರುಗಳ) ಆಳ ಅಳೆಯುವ ಕಡ್ಡಿ, ರಬ್ಬರಿಗೆ ಚುಚ್ಚುವ ಸೂಜಿ ಥರ್ಮಾಮೀಟರ್, ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್, ಒಂದು ಪೇಂಟ್ ಪೆನ್, ಮಕ್ಕಳ ಶಾಲೆ ಶೂಗೆ ಹಚ್ಚುವ ಬಿಳಿ ಪಾಲಿಶ್, ಒಂದು ನೋಟ್‌ಬುಕ್. ಇನ್‌ಫ್ರಾರೆಡ್ ಗನ್ ಅಗ್ಗ, ಆದರೆ ಅದು ನೋಡುವುದು ಮೇಲ್ಮೈಯನ್ನು ಮಾತ್ರ. ಪಿಟ್‌ಗೆ ಬರುವಷ್ಟರಲ್ಲೇ ಮೇಲ್ಮೈ ತಣಿದಿರುತ್ತದೆ. ಸೂಜಿ 2–3 ಮಿಮೀ ಒಳಗೆ ಹೋಗಿ ಓದುವುದರಿಂದ ಅದರ ಮಾತನ್ನು ನಂಬಬಹುದು.

ಮೊದಲ ಪ್ರಶ್ನೆ: ನಾಲ್ಕರಲ್ಲಿ ಯಾವುದು ಹೆಚ್ಚು ಸವೆದಿದೆ?

ಇರುಂಗಾಟ್ಟುಕೋಟೈಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟಿನಲ್ಲಿ 3.717 ಕಿಮೀಗೆ 12 ತಿರುವು, ಓಟ ಪ್ರದಕ್ಷಿಣೆಯ ದಿಕ್ಕಿಗೆ. ಅಂದರೆ ಒಟ್ಟು ಲೆಕ್ಕದಲ್ಲಿ ಬಲ ತಿರುವೇ ಹೆಚ್ಚು, ಭಾರ ಬೀಳುವುದು ಎಡಕ್ಕೆ. ಅಲ್ಲಿ ಎಡ ಮುಂದಿನ ಟೈರ್ ಮೊದಲು ಸಾಯುವುದು ದೋಷವಲ್ಲ, ಲಕ್ಷಣ. ಬಲ ಮುಂದಿನದು ಹೆಚ್ಚು ಸವೆದಿದ್ದರೆ ಮಾತ್ರ ಅನುಮಾನ ಪಡಿ: ಅದು ಟ್ರ್ಯಾಕಿನ ಕೆಲಸವಲ್ಲ. ಆ ಕಡೆಯ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಮೇಲ್ತುದಿ ಒಳಕ್ಕೆ ವಾಲಿದ್ದರೆ ಮೈನಸ್) ಅಥವಾ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ತಪ್ಪಿದೆ, ಇಲ್ಲವೇ ಗುಂಡಿಗೆ ಬಿದ್ದು ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬಾಗಿದೆ. ಹಿಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಎಡ ಹಿಂದಿನದೂ ಈ ಲೆಕ್ಕಕ್ಕೆ ಸೇರುತ್ತದೆ.

ಪ್ರತಿ ಟೈರಿನಲ್ಲೂ ಒಳ ಅಂಚು, ನಡು, ಹೊರ ಅಂಚು, ಮೂರು ಕಡೆ ಆಳ ಅಳೆದು ಬರೆದುಕೊಳ್ಳಿ. ಟ್ರ್ಯಾಕಿಗೆ ಹೋಗುವ ಹಿಂದಿನ ದಿನ ಒಮ್ಮೆ, ಬಂದ ಮೇಲೆ ಒಮ್ಮೆ. ಮುಂದೆ ಹೇಳುವುದೆಲ್ಲ ಈ ಹನ್ನೆರಡು ಅಂಕಿಗಳ ಮೇಲೆ ನಿಂತಿದೆ.

ದೂರು: ಎರಡು ಸುತ್ತು ಚೆನ್ನಾಗಿತ್ತು, ಮೂರನೆಯದರಿಂದ ಬೆಣ್ಣೆ

ತೀರಾ ಸಾಮಾನ್ಯ ದೂರು, ತೀರಾ ತಪ್ಪಾಗಿ ಅರ್ಥವಾಗುವ ದೂರೂ ಇದೇ.

ಬೆಳಿಗ್ಗೆ ಹೊರಗೆ 30 ಡಿಗ್ರಿ ಇರುವಾಗ ತಣ್ಣನೆ ಟೈರಿಗೆ 33 ಪಿಎಸ್‌ಐ ಹೊಡೆಸಿದಿರಿ ಅನ್ನಿ. ಟ್ರ್ಯಾಕಿನಲ್ಲಿ ಒಳಗಿನ ಗಾಳಿ 85 ಡಿಗ್ರಿಗೆ ಕಾದರೆ ಗೇಜ್ ಹತ್ತಿರ ಹತ್ತಿರ 42 ತೋರಿಸುತ್ತದೆ. ಪ್ರತಿ ಆರೇಳು ಡಿಗ್ರಿಗೆ 1 ಪಿಎಸ್‌ಐ ಏರುತ್ತದೆ ಎಂದು ಇಟ್ಟುಕೊಳ್ಳಿ. 42ರಲ್ಲಿ ಟೈರ್ ನಡುವೆ ಉಬ್ಬಿ, ನೆಲ ಮುಟ್ಟುವ ಜಾಗ ಕಿರಿದಾಗುತ್ತದೆ. ಆ ಕಿರಿದಾದ ಪಟ್ಟಿಯೇ ಎಲ್ಲ ಕೆಲಸ ಮಾಡಬೇಕಾದ್ದರಿಂದ ಇನ್ನಷ್ಟು ಕಾಯುತ್ತದೆ, ಕಾದಷ್ಟೂ ಒತ್ತಡ ಏರುತ್ತದೆ. ಮೂರನೇ ಸುತ್ತಿಗೆ ಗಾಡಿಯ ಮುಂಭಾಗ ತಿರುವಿನಲ್ಲಿ ಹೊರಕ್ಕೆ ಜಾರುವುದು ಇದಕ್ಕೇ.

ನೈಟ್ರೋಜನ್ ತುಂಬಿಸಿದರೆ ಇದು ಆಗಲ್ಲ ಅನ್ನುವುದು ಬಂಕಿನ ಮಾತು. ಒಣ ಗಾಳಿಯೂ ನೈಟ್ರೋಜನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಲೆಕ್ಕ ಕೆಡಿಸುವುದು ಕಂಪ್ರೆಸರಿನಿಂದ ಒಳಗೆ ಸೇರುವ ತೇವ.

ಪರೀಕ್ಷೆ ಹೀಗೆ. ತಣ್ಣಗಿರುವಾಗ ಮುಂದೆ 28, ಹಿಂದೆ 28ಕ್ಕೆ ಇಟ್ಟು ಇಳಿಯಿರಿ. ಒಂದು ಸುತ್ತು ಕಾಯಿಸಲು, ಮೂರು ಸುತ್ತು ಜೋರಾಗಿ, ತಣಿಸುವ ಸುತ್ತು ಹಾಕದೆ ನೇರ ಪಿಟ್‌ಗೆ. ನಿಂತು ಒಂದು ನಿಮಿಷದೊಳಗೆ ಎಡ ಮುಂದಿನಿಂದ ಶುರುಮಾಡಿ ಒಳ, ನಡು, ಹೊರ ಸೂಜಿ ಚುಚ್ಚಿ ಬರೆಸಿ. ಆಮೇಲೆ ಒತ್ತಡ ನೋಡಿ. ರಸ್ತೆಗೂ ಟ್ರ್ಯಾಕಿಗೂ ಬಳಸುವ ಟೈರಿಗೆ ಈ ತೂಕದ ಗಾಡಿಯಲ್ಲಿ ಬಿಸಿ ಒತ್ತಡ 33–36 ಬರಬೇಕು. ಹೆಚ್ಚಿದ್ದರೆ ಅಲ್ಲೇ ಇಳಿಸಿ, ಎಷ್ಟು ಇಳಿಸಿದಿರಿ ಎಂದು ಬರೆಯಿರಿ.

ಅಂಕಿ ಓದುವುದು ಹೇಗೆ? ಎಡ ಮುಂದಿನಲ್ಲಿ ಒಳ 92, ನಡು 88, ಹೊರ 85 ಬಂದರೆ ಎಲ್ಲ ಸರಿ. ನಡುವಿನದು ಎರಡು ಅಂಚುಗಳ ಸರಾಸರಿಗಿಂತ ಐದಾರು ಡಿಗ್ರಿ ಹೆಚ್ಚಿದ್ದರೆ ಗಾಳಿ ಜಾಸ್ತಿ. ಅಷ್ಟೇ ಕಡಿಮೆಯಿದ್ದರೆ ಗಾಳಿ ಸಾಲದು. ಒಳ 82, ನಡು 90, ಹೊರ 101 ಬಂದರೆ ಗಾಳಿಯ ಜೊತೆ ಒದ್ದಾಡಿ ಪ್ರಯೋಜನವಿಲ್ಲ, ಕ್ಯಾಂಬರ್ ಸಾಲದು, ಮುಂದಿನ ಭಾಗಕ್ಕೆ ಹೋಗಿ. ಇನ್ನು ಬಿಸಿ ಒತ್ತಡ 35ರಲ್ಲೇ ಇದೆ, ಮೂರೂ ಅಂಕಿ ಹತ್ತಿರ ಹತ್ತಿರ ಇವೆ, ಆದರೆ ಮೂರೂ 110 ದಾಟಿವೆ, ಗಾಡಿ ಜಾರುತ್ತಿದೆ ಎಂದಾದರೆ, ಆಗ ಮಾತ್ರ ಇದು ಟೈರಿನದ್ದೇ ತಪ್ಪು. ಆ ರಬ್ಬರ್ ಅಷ್ಟು ಕಾವಿಗೆ ಮಾಡಿದ್ದಲ್ಲ.

ಸಂಜೆ ಮಾಡುವ ತಪ್ಪೊಂದಿದೆ, ದೋಷ ಮರುದಿನ ಕಾಣುತ್ತದೆ. ಬಿಸಿಯಲ್ಲಿ 35ಕ್ಕೆ ಇಳಿಸಿದ ಟೈರ್ ತಣಿದ ಮೇಲೆ 27ಕ್ಕೆ ಬಂದಿರುತ್ತದೆ. ಅದೇ ಗಾಳಿಯಲ್ಲಿ ಮೂರು ಜನ, ಟೂಲ್ ಬಾಕ್ಸು, ಲಗೇಜು ತುಂಬಿಕೊಂಡು ಹೆದ್ದಾರಿಯಲ್ಲಿ 100ರ ಮೇಲೆ 300 ಕಿಮೀ ಓಡಿದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಒಳಗಿಂದ ಕಾಯುತ್ತದೆ. ಬಾಗಿಲ ಕಂಬದ ಸ್ಟಿಕರಿನಲ್ಲಿರುವ ಅಂಕಿಗೆ ಗಾಳಿ ಹೊಡೆಸದೆ ಟ್ರ್ಯಾಕಿನ ಗೇಟು ದಾಟಬೇಡಿ. ಟೈರ್ ಕೈಗೆ ಬೆಚ್ಚಗಿದ್ದರೆ ಇನ್ನೂ ತಣಿದಿಲ್ಲ ಎಂದೇ ಅರ್ಥ, ಎರಡು ಮೂರು ಪಿಎಸ್‌ಐ ಮೇಲಿಡಿ.

ದೂರು: ಹೊರ ಅಂಚು ಬೋಳು, ನಡುವೆ ಹೊಸದರಂತಿದೆ

ಹೆಚ್ಚಿನ ಟೈರುಗಳಲ್ಲಿ ಟ್ರೆಡ್ ಮುಗಿದು ಸೈಡ್‌ವಾಲ್ ಶುರುವಾಗುವ ಭುಜದಲ್ಲಿ ಚಿಕ್ಕ ತ್ರಿಕೋನದ ಗುರುತು ಇರುತ್ತದೆ. ಆ ಜಾಗದಲ್ಲಿ ಮೇಲಿಂದ ಕೆಳಗೆ ಎರಡು ಬೆರಳಗಲ ಬಿಳಿ ಶೂ ಪಾಲಿಶ್ ಹಚ್ಚಿ, ಟೈರಿನ ಸುತ್ತ ಮೂರು ಕಡೆ. ಮೂರು ಸುತ್ತು ಹೊಡೆದು ಬಂದು ನೋಡಿ. ತ್ರಿಕೋನದ ತುದಿವರೆಗೆ ಬಿಳಿ ಅಳಿಸಿದ್ದರೆ ಸರಿ. ತ್ರಿಕೋನ ದಾಟಿ ಸೈಡ್‌ವಾಲಿನ ಅಕ್ಷರಗಳ ಕಡೆಗೆ ಅಳಿಸಿದ್ದರೆ ಟೈರ್ ಮಡಚಿ ಭುಜದ ಮೇಲೆ ಓಡುತ್ತಿದೆ. ಗಾಳಿ 2 ಪಿಎಸ್‌ಐ ಏರಿಸಿ, ಮತ್ತೆ ಪಾಲಿಶ್ ಹಚ್ಚಿ ನೋಡಿ. ಗೆರೆ ಮೇಲಕ್ಕೆ ಸರಿದರೆ ಗಾಳಿಯದ್ದೇ ಕಾರಣ. ಬಿಸಿ ಒತ್ತಡ 37 ಮುಟ್ಟಿದರೂ ಸರಿಯದಿದ್ದರೆ ಕ್ಯಾಂಬರ್.

ಕಂಪನಿಯಿಂದ ಬರುವ ಗಾಡಿಗಳಲ್ಲಿ ಮುಂದಿನ ಕ್ಯಾಂಬರ್ ಮೈನಸ್ ಅರ್ಧದಿಂದ ಒಂದು ಡಿಗ್ರಿ. ರಸ್ತೆಗೆ ಬೇಕಾದಷ್ಟಾಯಿತು. ತಿರುವಿನಲ್ಲಿ ಗಾಡಿ ವಾಲಿದಾಗ ಹೊರಗಿನ ಚಕ್ರವೂ ಹೊರಕ್ಕೆ ವಾಲುತ್ತದೆ, ಅದನ್ನು ಸರಿದೂಗಿಸಲು ಟ್ರ್ಯಾಕಿಗೆ ಮೈನಸ್ ಎರಡೂವರೆಯಿಂದ ಮೂರು ಬೇಕು. ಎರಡೂ ಕಡೆ ಓಡುವ ಗಾಡಿಗೆ ಮೈನಸ್ ಎರಡು ಒಳ್ಳೆಯ ರಾಜಿ. ಆದರೆ ಎಲ್ಲ ಗಾಡಿಗೂ ಒಂದೇ ದಾರಿಯಿಲ್ಲ. ಸ್ವಿಫ್ಟ್‌ನಂತೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಎರಡು ಬೋಲ್ಟಿನಲ್ಲಿ ಕೂರುವ ಗಾಡಿಯಲ್ಲಿ ಮೇಲಿನದರ ಬದಲು ಕ್ಯಾಂಬರ್ ಬೋಲ್ಟ್ ಹಾಕಿದರೆ ಒಂದು ಡಿಗ್ರಿಯಾದರೂ ಸಿಗುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಸ್ಟ್ರಟ್ ನೇರ ಸ್ಟೀರಿಂಗ್ ನಕಲ್‌ನ (ಚಕ್ರ ಕೂರುವ ಲೋಹದ ಭಾಗದ) ಕ್ಲಾಂಪಿನೊಳಗೆ ಇಳಿಯುವುದರಿಂದ ಆ ಬೋಲ್ಟಿಗೆ ಜಾಗವೇ ಇಲ್ಲ, ಮೇಲಿನ ಕ್ಯಾಂಬರ್ ಪ್ಲೇಟೇ ಗತಿ. ಸಬ್‌ಫ್ರೇಮ್ (ಎರಡೂ ಕಡೆಯ ಲೋವರ್ ಆರ್ಮ್ ಕೂರುವ ಚೌಕಟ್ಟು) ಸರಿಸಿ ಕ್ಯಾಂಬರ್ ಕೊಡುತ್ತೇವೆ ಎಂದರೆ ಒಂದು ಕಡೆ ಬಂದಷ್ಟು ಇನ್ನೊಂದು ಕಡೆ ಹೋಗುತ್ತದೆ, ಅಷ್ಟೇ.

ಇಲ್ಲಿ ಟೈರಿನ ಪಾತ್ರವೂ ಉಂಟು. 235/45 ಆರ್17 ಟೈರಿಗೆ ಕಡಿಮೆಯೆಂದರೆ ಏಳೂವರೆ ಇಂಚು ಅಗಲದ ರಿಮ್ ಬೇಕು. 7 ಇಂಚಿನದಕ್ಕೆ ಹಾಕಿದರೆ ಸೈಡ್‌ವಾಲ್ ಬಲೂನಿನಂತೆ ಹೊರಗೆ ಉಬ್ಬಿ, ತಿರುವಿನಲ್ಲಿ ಇನ್ನಷ್ಟು ಮಡಚುತ್ತದೆ. ‘ಅಗಲ ಜಾಸ್ತಿ, ಗ್ರಿಪ್ ಜಾಸ್ತಿ’ ಎಂದು ಹಾಕಿಸಿದವರ ಹೊರ ಅಂಚು ಬೋಳಾಗುವುದು ಹೀಗೆ. 225/45 ಆರ್17 ಟೈರ್ 7ರಿಂದ ಎಂಟೂವರೆ ಇಂಚಿನವರೆಗೆ ಕೂರುತ್ತದೆ. ರಿಮ್ ಅಗಲ ಮಾಡದೆ ಟೈರ್ ಅಗಲ ಮಾಡಬೇಡಿ.

ದೂರು: ಒಳ ಅಂಚು ಮಾತ್ರ ತಂತಿ ಕಾಣುವಷ್ಟು ಸವೆದಿದೆ

ಇದಕ್ಕೆ ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ. ಮೈನಸ್ ಎರಡು ಡಿಗ್ರಿ ಕ್ಯಾಂಬರ್ ಒಂದೇ ಇದ್ದರೆ ಒಳ ಅಂಚು ಸ್ವಲ್ಪ ಬೇಗ ಸವೆಯುತ್ತದೆ, ತಂತಿ ಬರುವಷ್ಟಲ್ಲ. ತಿನ್ನುವುದು ಟೋ. ಟೈರಿನ ಹೊರ ವ್ಯಾಸದಲ್ಲಿ ಅಳೆದು ಒಂದೊಂದು ಚಕ್ರಕ್ಕೆ 3 ಮಿಮೀ ಟೋ-ಔಟ್ (ಮುಂತುದಿ ಹೊರಕ್ಕೆ) ಇದೆ ಅನ್ನಿ. 634 ಮಿಮೀ ವ್ಯಾಸಕ್ಕೆ ಅದು ಪ್ರತಿ ಕಿಲೋಮೀಟರಿಗೆ ಸುಮಾರು ನಾಲ್ಕೂಮುಕ್ಕಾಲು ಮೀಟರ್ ಅಡ್ಡ ಉಜ್ಜುವಿಕೆ. ಬೆಂಗಳೂರಿನಿಂದ ಟ್ರ್ಯಾಕ್ ಮುಟ್ಟುವಷ್ಟರಲ್ಲಿ ಟೈರ್ 1.4 ಕಿಮೀ ಅಡ್ಡಡ್ಡ ಎಳೆದುಕೊಂಡು ಬಂದಿರುತ್ತದೆ, ಒಂದು ಸುತ್ತೂ ಹೊಡೆಯದೆ.

ಅಂಗೈಯಿಂದ ಪತ್ತೆ ಹಚ್ಚಬಹುದು. ತಂತಿ ಕಿತ್ತು ಬಂದಿಲ್ಲ ಎಂದು ಮೊದಲು ಕಣ್ಣಲ್ಲಿ ನೋಡಿ, ಕೈ ಕೊಯ್ಯುತ್ತದೆ. ಆಮೇಲೆ ಟ್ರೆಡ್ ಮೇಲೆ ಅಡ್ಡಕ್ಕೆ ಸವರಿ. ಹೊರಗಿನಿಂದ ಒಳಗೆ ಸವರುವಾಗ ಗರಗಸದ ಹಲ್ಲಿನಂತೆ ಚುಚ್ಚಿ, ವಾಪಸ್ ಬರುವಾಗ ನುಣುಪಾಗಿದ್ದರೆ ಟೋ-ಔಟ್. ಒಳಗಿನಿಂದ ಹೊರಗೆ ಬರುವಾಗ ಚುಚ್ಚಿದರೆ ಟೋ-ಇನ್.

ಕ್ಯಾಂಬರ್ ಬದಲಿಸಿದರೆ ಟೋ ತಾನಾಗಿ ಬದಲಾಗುತ್ತದೆ. ಕ್ಯಾಂಬರ್ ಮಾಡಿಸಿ ಟೋ ಹಾಗೇ ಬಿಟ್ಟ ಗಾಡಿಗಳೇ ಈ ದೂರಿನಲ್ಲಿ ಹೆಚ್ಚು. ಅಲೈನ್‌ಮೆಂಟ್ ಅಂಗಡಿಯ ಪರದೆಯಲ್ಲಿ ಹಸಿರು ಬಂದರೆ ಮುಗಿಯಿತು ಎಂದುಕೊಳ್ಳಬೇಡಿ, ಹಸಿರಿನ ವ್ಯಾಪ್ತಿ ದೊಡ್ಡದು. ಅಂಕಿ ಕೇಳಿ: ಮುಂದೆ ಟೋ ಸೊನ್ನೆ, ಎಡ ಬಲ ಎರಡೂ ಸಮ, ಸ್ಟೀರಿಂಗ್ ನೇರ. ನಿಮ್ಮ ತೂಕ ಡ್ರೈವರ್ ಸೀಟಿನಲ್ಲಿ ಇರುವಾಗಲೇ ಮಾಡಿಸಿ.

ಮೇಲ್ಮೈ ಏನು ಹೇಳುತ್ತದೆ

ಮರಳಿನ ಮೇಲಿನ ಗಾಳಿ ಅಲೆಗಳಂಥ ಸಣ್ಣ ಸಾಲುಗಳಿದ್ದರೆ ಅದು ಗ್ರೇನಿಂಗ್: ಟೈರ್ ಒಳಗೆ ಇನ್ನೂ ಕಾಯದಿರುವಾಗ ಜಾರಿಸಿದ್ದೀರಿ. ಮೊದಲ ಸುತ್ತು ಸಾವಧಾನವಾಗಿ ಹೋದರೆ ತಾನೇ ಹೋಗುತ್ತದೆ. ಸಿಡುಬಿನ ಕಲೆಯಂತೆ ಗುಳಿಗಳಿದ್ದರೆ ಬ್ಲಿಸ್ಟರಿಂಗ್: ಒಳಗಿನ ರಬ್ಬರ್ ಕುದಿದು ಮೇಲಿನದನ್ನು ಕಿತ್ತಿದೆ. ಆ ಟೈರ್ ರಸ್ತೆಗೂ ಬೇಡ.

ಟ್ರೆಡ್ ಬ್ಲಾಕಿನ ಮೂಲೆಗಳು ತುಂಡು ತುಂಡಾಗಿ ಹಾರಿದ್ದರೆ ಕಾರಣ ಬೇರೆ. ಹೊಸ ರಸ್ತೆ ಟೈರಿನ ಟ್ರೆಡ್ ಆಳ ಸುಮಾರು 8 ಮಿಮೀ. ಅಷ್ಟೆತ್ತರದ ಬ್ಲಾಕು ತಿರುವಿನಲ್ಲಿ ಬುಡದಿಂದ ಅಲ್ಲಾಡಿ, ಬುಡದಲ್ಲೇ ಕಾದು ಹರಿಯುತ್ತದೆ. ಹೊಸ ಟೈರ್ ಹಾಕಿಸಿದ ವಾರವೇ ಟ್ರ್ಯಾಕಿಗೆ ಹೋಗಿ ಹಾಳುಮಾಡಿಕೊಳ್ಳುವುದು ಹೀಗೆ. ರಸ್ತೆಯಲ್ಲಿ 5 ಮಿಮೀವರೆಗೆ ಸವೆಸಿ, ಆಮೇಲೆ ಟ್ರ್ಯಾಕಿಗೆ ಒಯ್ಯಿರಿ. ಒಣ ಟ್ರ್ಯಾಕಿನಲ್ಲಿ 5 ಮಿಮೀ ಟೈರ್ ಹೊಸದಕ್ಕಿಂತ ವೇಗ, ಬಾಳಿಕೆಯೂ ಹೆಚ್ಚು.

ಟ್ರೆಡ್ ಇದೆ, ಗುಳಿ ಇಲ್ಲ, ಗಾಳಿ ಸರಿ, ಆದರೂ ಮೊದಲಿನ ಹಿಡಿತ ಇಲ್ಲ ಎಂದರೆ ರಬ್ಬರ್ ಗಟ್ಟಿಯಾಗಿದೆ. ಕಾದು ತಣಿದು ಕಾದು ತಣಿದು ಆಗುವ ಸಹಜ ಸಾವು ಅದು. ಉಗುರು ಒತ್ತಿ ನೋಡುವುದಕ್ಕಿಂತ ಹೊಸದಿದ್ದಾಗಲೇ ರಬ್ಬರಿನ ಗಡಸುತನ ಅಳೆಯುವ ಡ್ಯೂರೋಮೀಟರಿನಲ್ಲಿ ಅಳೆದು ಬರೆದಿಟ್ಟುಕೊಂಡರೆ ಹೋಲಿಸಲು ಆಧಾರ ಸಿಗುತ್ತದೆ.

ದೂರು: ವಾಪಸ್ ಬರುವಾಗ ಸ್ಟೀರಿಂಗ್ ನಡುಗುತ್ತದೆ

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಟೈರ್ ಬಿಡಿ. ಬ್ರೇಕ್ ಪ್ಯಾಡಿನ ವಸ್ತು ಡಿಸ್ಕಿಗೆ ಅಲ್ಲಲ್ಲಿ ಅಂಟಿದೆ.

80–100ರಲ್ಲಿ ಬ್ರೇಕ್ ಮುಟ್ಟದೆಯೇ ನಡುಕವಿದ್ದರೆ ಮೊದಲು ಟ್ರೆಡ್ ನೋಡಿ. ತಣಿಸುವ ಸುತ್ತಿನಲ್ಲಿ ನಿಧಾನಕ್ಕೆ ಲೈನ್ ಬಿಟ್ಟು ಓಡಿಸಿದಾಗ ಬೇರೆಯವರ ಟೈರಿನಿಂದ ಉದುರಿದ ರಬ್ಬರ್ ಉಂಡೆಗಳು ನಿಮ್ಮ ಬಿಸಿ ಟೈರಿಗೆ ಅಂಟಿರುತ್ತವೆ. ಬಿಸಿಯಿರುವಾಗಲೇ ಸ್ಕ್ರೇಪರಿನಿಂದ ಕೆರೆದು ತೆಗೆಯಿರಿ. ಇಲ್ಲದಿದ್ದರೂ ಹೆದ್ದಾರಿಯಲ್ಲಿ ಕೆಲವು ಕಿಲೋಮೀಟರಿಗೆ ಉದುರುತ್ತವೆ. ಉದುರಿದ ಮೇಲೂ ನಡುಕ ನಿಲ್ಲದಿದ್ದರೆ ಟೈರ್ ರಿಮ್ಮಿನ ಮೇಲೆ ತಿರುಗಿದೆಯಾ ನೋಡಿ. ಇದನ್ನು ತಿಳಿಯಬೇಕಾದರೆ ಹೋಗುವ ಮುಂಚೆಯೇ ವಾಲ್ವಿನ ನೇರಕ್ಕೆ ರಿಮ್ ಮೇಲೂ ಟೈರ್ ಮೇಲೂ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆದಿರಬೇಕು. ಟೈರ್ ಕೂರಿಸುವಾಗ ಸೋಪ್ ನೀರು ಜಾಸ್ತಿ ಹಚ್ಚಿ, ಒಣಗುವ ಮುಂಚೆಯೇ ಟ್ರ್ಯಾಕಿಗೆ ಇಳಿದರೆ ಬ್ರೇಕಿನ ಹೊಡೆತಕ್ಕೆ ಟೈರ್ ಸರಿಯುತ್ತದೆ. ಗೆರೆಗಳು ಬೇರೆಯಾಗಿದ್ದರೆ ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಿ. ಕೂರಿಸಿದ ಮೇಲೆ ಒಂದು ದಿನ ಬಿಡಿ.

20ರ ವೇಗದಿಂದಲೇ ಧಬ್ ಧಬ್ ಅಂದರೆ ಲಾಕ್ ಆಗಿ ಒಂದು ಕಡೆ ಚಪ್ಪಟೆಯಾಗಿದೆ, ಇಲ್ಲವೇ ಸೈಡ್‌ವಾಲ್ ಉಬ್ಬಿದೆ. ಉಬ್ಬು ಅಂದರೆ ಒಳಗಿನ ದಾರ ಹರಿದಿದೆ. ರಿಪೇರಿ ಇಲ್ಲ, ಅಲ್ಲೇ ಸ್ಟೆಪ್ನಿ ಹಾಕಿ. ಯಾವ ಹುಡುಕಾಟಕ್ಕೂ ಮುಂಚೆ ಚಕ್ರದ ಬೋಲ್ಟಿನ ಬಿಗಿ ನೋಡಿ, ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ ಹೆಚ್ಚಿನ ಕಾರುಗಳಿಗೆ 120 ನ್ಯೂಟನ್ ಮೀಟರ್.

ದೂರು: ಮಳೆಯಲ್ಲಿ ಹಿಂಭಾಗ ಕೈಕೊಟ್ಟಿತು

ಮುಂದಿನ ಎರಡು ಮಾತ್ರ ಹೊಸ, ಒಳ್ಳೆಯ ಟೈರ್ ಹಾಕಿಸಿ ಹಿಂದೆ ಹಳೆಯದನ್ನೇ ಬಿಟ್ಟಿದ್ದೀರಾ? ಬೇರೆ ಕಾರಣ ಹುಡುಕಬೇಡಿ. ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಮುಂದಿನದೇ ಸವೆಯುತ್ತದೆ, ಹಾಗಾಗಿ ಎರಡೇ ಕೊಳ್ಳುವ ಮನಸ್ಸಾಗುತ್ತದೆ. ನಾಲ್ಕೂ ಒಂದೇ ಮಾದರಿ ಇರಲಿ, ಆಳ ಹೆಚ್ಚಿರುವ ಎರಡು ಹಿಂದೆ ಇರಲಿ.

ನಾಲ್ಕೂ ಒಂದೇ ಆಗಿದ್ದರೆ ಆಳ ಅಳೆಯಿರಿ. ಟ್ರೆಡ್ ತಳದ ಸವೆತದ ಗುರುತು 1.6 ಮಿಮೀ ಎತ್ತರಕ್ಕಿರುತ್ತದೆ, ಆದರೆ ನಿಂತ ನೀರಿನಲ್ಲಿ 3 ಮಿಮೀ ಕೆಳಗೇ ಟೈರ್ ತೇಲಲು ಶುರುಮಾಡುತ್ತದೆ. ಗಾಳಿ ಕಡಿಮೆಯಿದ್ದರೆ ತೇಲುವ ವೇಗವೂ ಕೆಳಗಿಳಿಯುತ್ತದೆ: ವಿಮಾನದ ಟೈರಿಗೆ ಬಳಸುವ ಹಳೆಯ ಸೂತ್ರದ ಪ್ರಕಾರ 32 ಪಿಎಸ್‌ಐಗೆ ಸುಮಾರು 94 ಕಿಮೀ, 26ಕ್ಕೆ ಸುಮಾರು 85. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಚೆನ್ನೈ ಕಡೆ ಹಿಂಗಾರು ಮಳೆ. ಟ್ರ್ಯಾಕಿನಲ್ಲಿ ಗಾಳಿ ಇಳಿಸಿ, 3 ಮಿಮೀ ಟ್ರೆಡ್‌ನಲ್ಲಿ ರಾತ್ರಿ ಹೊರಡುವ ಗಾಡಿಗೆ ಎರಡೂ ತಪ್ಪು ಒಟ್ಟಿಗೆ ಸೇರಿರುತ್ತವೆ.

ಈಗ ಆಯ್ಕೆ

ಗಾಳಿ, ಕ್ಯಾಂಬರ್, ಟೋ ಎಲ್ಲ ಸರಿಮಾಡಿದ ಮೇಲೂ ಮೂರು ಅಂಕಿ 110 ದಾಟುತ್ತಿದ್ದರೆ ಟೈರ್ ಬದಲಿಸಿ.

ವರ್ಷಕ್ಕೆ ಎರಡು ಮೂರು ಟ್ರ್ಯಾಕ್ ಡೇ, ಉಳಿದದ್ದೆಲ್ಲ ರಸ್ತೆ ಎಂದರೆ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ವರ್ಗದ, ಟ್ರೆಡ್‌ವೇರ್ (ಟೈರಿನ ಮೇಲೆ ಬರೆದಿರುವ ಬಾಳಿಕೆಯ ಅಂಕಿ) 300ರ ಆಸುಪಾಸಿನ ಟೈರ್ ಸಾಕು. ಮಳೆಗೂ ಆಗುತ್ತದೆ. ನಾಲ್ಕೈದು ಸುತ್ತಿಗೆ ಮೆತ್ತಗಾಗುತ್ತದೆ, ಆಗ ಒಂದು ಸುತ್ತು ತಣಿಸಿ. ಅದಕ್ಕಿಂತ ಹೆಚ್ಚು ಸಲ ಹೋಗುವವರಿಗೆ ಟ್ರೆಡ್‌ವೇರ್ 200ರ ವರ್ಗ: ಯೊಕೊಹಾಮಾ ನಿಯೋವಾ ಎಡಿ09, ಬ್ರಿಜ್‌ಸ್ಟೋನ್ ಪೊಟೆಂಜಾ ಆರ್‌ಇ-71ಆರ್‌ಎಸ್. ಯೊಕೊಹಾಮಾ ಎ052 ಒಂದೆರಡು ಸುತ್ತಿಗೆ ಅದ್ಭುತ, ಆದರೆ 1400 ಕೆಜಿ ಗಾಡಿಯಲ್ಲಿ, ಚೆನ್ನೈ ಬಿಸಿಲಿನಲ್ಲಿ ಬೇಗ ಕಾದುಹೋಗುತ್ತದೆ. ಅದು ಹಗುರ ಗಾಡಿಗೆ, ಚಿಕ್ಕ ಓಟಕ್ಕೆ. ಟ್ರೆಡ್‌ವೇರ್ ಅಂಕಿಯನ್ನು ಆಯಾ ಕಂಪನಿಯೇ ಕೊಟ್ಟುಕೊಳ್ಳುವುದರಿಂದ ಒಂದು ಕಂಪನಿಯ 200ನ್ನು ಇನ್ನೊಂದರ 200ಕ್ಕೆ ಹೋಲಿಸಬೇಡಿ. ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಥರದ, ಟ್ರ್ಯಾಕಿಗೆಂದೇ ಮಾಡಿದ ಟೈರ್ ಬೇರೆ ಸೆಟ್ ಚಕ್ರ ಇಟ್ಟುಕೊಳ್ಳುವವರಿಗೆ. ಅದರಲ್ಲಿ ಮಳೆಗಾಲದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವುದು ಯಾರಿಗೂ ಬೇಡ. ಪೋರ್ಶೆ ಕೇಮನ್ ಜಿಟಿ4ರಂತೆ ಟೈರಿನ ಅಗಲ ಮುಂದೆ 245, ಹಿಂದೆ 295 ಇರುವ ಗಾಡಿಯಲ್ಲಿ ಮುಂದಿನದನ್ನು ಹಿಂದಕ್ಕೆ ಹಾಕುವಂತಿಲ್ಲ. ಎಡ ಹಿಂದಿನದು ಮುಗಿದರೆ ಹಿಂದಿನ ಜೋಡಿಯೇ ಹೋಯಿತು, ಲೆಕ್ಕ ಅದಕ್ಕೆ ತಕ್ಕಂತೆ ಹಾಕಿ.

ಸಿಗುತ್ತದೆಯೇ ಅನ್ನುವುದು ಇನ್ನೊಂದು ಪ್ರಶ್ನೆ. 2020ರ ಜೂನ್‌ನಲ್ಲಿ ಕಾರ್ ಟೈರಿನ ಆಮದಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ 200ರ ವರ್ಗ ಹುಡುಕುವುದೇ ಒಂದು ಕೆಲಸ. ಅದಕ್ಕೇ ಸೈಜ್ ಮೊದಲು ನೋಡಿ, ಮಾದರಿ ಆಮೇಲೆ. 17 ಇಂಚು ಬಿಟ್ಟು 225/40 ಆರ್18ಕ್ಕೆ ಹೋದರೆ ಹೊರ ವ್ಯಾಸ 3 ಮಿಮೀ ಮಾತ್ರ ಹೆಚ್ಚು, ಆದರೆ ಸೈಡ್‌ವಾಲ್ 101 ಮಿಮೀ ಇದ್ದದ್ದು 90ಕ್ಕೆ ಇಳಿಯುತ್ತದೆ. ನಮ್ಮ ಗುಂಡಿಗಳಿಗೆ ಆ 11 ಮಿಮೀ ಬೇಕು.

ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ ಟೈರ್ ನಿಲ್ಲಿಸಿ ಓದಿ. ಸೈಜಿನ ಪಕ್ಕದ ಅಂಕಿ 94 ಅಂದರೆ ಒಂದು ಟೈರ್ 670 ಕೆಜಿ ಹೊರುತ್ತದೆ, 91 ಅಂದರೆ 615. ಮೊದಲಿದ್ದುದಕ್ಕಿಂತ ಕಡಿಮೆ ಬೇಡ. ವೇಗದ ಅಕ್ಷರ ‘ಡಬ್ಲ್ಯು’ ಎಂದರೆ 270 ಕಿಮೀ, ‘ವಿ’ ಎಂದರೆ 240. ಐಎಸ್‌ಐ ಮುದ್ರೆ ಇರಲಿ. ತಯಾರಿಕೆಯ ನಾಲ್ಕಂಕಿ ನಾಲ್ಕೂ ಟೈರಿನಲ್ಲಿ ನೋಡಿ: 2324 ಎಂದರೆ 2024ರ 23ನೇ ವಾರ. ಎರಡು ವರ್ಷ ಗೋದಾಮಿನಲ್ಲಿ ಕೂತದ್ದನ್ನು ‘ಡಿಸ್ಕೌಂಟ್’ ಹೆಸರಲ್ಲಿ ಕೊಟ್ಟರೆ ಬೇಡ ಅನ್ನಿ.

ಹಾಕಿಸಿದ ಮೇಲೆ 200–300 ಕಿಮೀ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ, ಅಚ್ಚಿನಿಂದ ಬಂದ ಜಿಡ್ಡು ಹೋಗಲಿ. 200ರ ವರ್ಗದ ಟೈರಾದರೆ ಟ್ರ್ಯಾಕಿನ ಮೊದಲ ಸಲ 15 ನಿಮಿಷ, ಸುತ್ತಿನಿಂದ ಸುತ್ತಿಗೆ ಸ್ವಲ್ಪಸ್ವಲ್ಪವೇ ವೇಗ ಏರಿಸುತ್ತ, ಜಾರಿಸದೆ ಕಾಯಿಸಿ. ಆಮೇಲೆ 24 ಗಂಟೆ ಮುಟ್ಟಬೇಡಿ. ಅದರ ನಂತರ ಮೊದಲ ಹನ್ನೆರಡು ಅಂಕಿ ಬರೆದುಕೊಳ್ಳಿ.